ಅಲೇಸಿಯಾ ನೋಡಲು ಹೋಗುವವರು ಮೊದಲು ಬೆಟ್ಟ ಹತ್ತಬೇಕು

ಕ್ರಿ.ಪೂ. 52ರಲ್ಲಿ ಜೂಲಿಯಸ್ ಸೀಸರನು ಗಾಲ್ ಬುಡಕಟ್ಟುಗಳ ನಾಯಕ ವರ್ಸಿಂಜೆಟೊರಿಕ್ಸ್‌ನನ್ನು ಮುತ್ತಿಗೆ ಹಾಕಿ ಮಣಿಸಿದ ಅಲೇಸಿಯಾ ಇದ್ದ ಜಾಗದಲ್ಲಿ ಈಗ ಅಲೀಸ್-ಸ್ಯಾಂತ್-ರೆನ್ ಎಂಬ ಸಣ್ಣ ಹಳ್ಳಿಯಿದೆ. ಫ್ರಾನ್ಸಿನ ಬರ್ಗಂಡಿ ಸೀಮೆಯ ಈ ಊರಿಗೆ ಪ್ಯಾರಿಸ್‌ನಿಂದ ಮೋಂಬಾರ್‌ವರೆಗೆ ವೇಗದ ರೈಲಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಅಲ್ಲಿಂದ ಸ್ಥಳೀಯ ರೈಲು ಹಿಡಿದು ಲೇ ಲೋಮ್ ನಿಲ್ದಾಣದಲ್ಲಿ ಇಳಿಯಬೇಕು. ಮೋಂಬಾರ್‌ನಲ್ಲಿ ನಿಲ್ಲುವ ವೇಗದ ರೈಲುಗಳು ಕಡಿಮೆಯಾದ್ದರಿಂದ ಹೋಗುವ ಮತ್ತು ಮರಳುವ ಸಮಯಗಳೆರಡನ್ನೂ ಮೊದಲೇ ಹೊಂದಿಸಿಕೊಳ್ಳುವುದು ಒಳ್ಳೆಯದು. ನಾನು ಭಾನುವಾರ ಹೋಗಿ, ನಿಲ್ದಾಣದ ಹೊರಗೆ ಒಂದು ಟ್ಯಾಕ್ಸಿಯೂ ಸಿಗದೆ, ಮೂರು ಕಿಲೋಮೀಟರಿನಷ್ಟು ದೂರ ನಡೆದೇ ಸಾಗಿದೆ.

ಆ ನಡಿಗೆಯಿಂದ ಲಾಭವೇ ಆಯಿತು. ಹೆಚ್ಚಿನವರು ನೇರವಾಗಿ ಸಂಗ್ರಹಾಲಯಕ್ಕೆ ಹೋಗುತ್ತಾರೆ. ಮೊದಲು ಮೋಂ ಓಕ್ಸ್ವಾ ಬೆಟ್ಟ ಹತ್ತಿ ಎಂಬುದು ನನ್ನ ಸಲಹೆ. ಮೇಲೆ ಚಪ್ಪಟೆಯಾಗಿರುವ ಈ ಬೆಟ್ಟದ ಎರಡು ಪಕ್ಕಗಳಲ್ಲಿ ಓಜ್ ಮತ್ತು ಓಜರೆನ್ ಎಂಬ ಸಣ್ಣ ನದಿಗಳು ಹರಿಯುತ್ತವೆ, ಪಶ್ಚಿಮಕ್ಕೆ ಬಯಲು ತೆರೆದುಕೊಳ್ಳುತ್ತದೆ, ಸುತ್ತ ಇದೇ ಎತ್ತರದ ಗುಡ್ಡಗಳಿವೆ. ಆ ಗುಡ್ಡಗಳ ಮೇಲೆ ಸೀಸರನ ಪಾಳೆಯಗಳಿದ್ದವು ಎಂದು ನೆನೆದು ಒಂದು ಸುತ್ತು ತಿರುಗಿದರೆ, ಒಳಗಿದ್ದವರು ಸಿಕ್ಕಿಬಿದ್ದದ್ದು ಹೇಗೆಂಬುದು ಕಣ್ಣಿಗೇ ತಿಳಿಯುತ್ತದೆ. ಒಳಗಿನವರು ಹೊರಬರದಂತೆ 11 ರೋಮನ್ ಮೈಲಿಗಳ ರಕ್ಷಣಾ ಸಾಲಿನ ಒಂದು ಸುತ್ತು, ಅವರ ನೆರವಿಗೆ ಬರುವ ಸೇನೆಯನ್ನು ತಡೆಯಲು ಅದರ ಹೊರಗೆ 14 ಮೈಲಿಗಳ ಇನ್ನೊಂದು ಸುತ್ತು, ಇವೆರಡರ ನಡುವೆ ರೋಮನ್ ಸೇನೆ: ಮುತ್ತಿಗೆ ಹಾಕಿದವನೇ ಮುತ್ತಿಗೆಗೆ ಒಳಗಾಗಿದ್ದ ವಿಚಿತ್ರ ಯುದ್ಧವಿದು. ಆಹಾರ ಮುಗಿಯುತ್ತ ಬಂದಾಗ ಊರಿನ ಮೂಲನಿವಾಸಿಗಳಾದ ಮಂಡೂಬಿಯರನ್ನು ಹೆಂಡಿರುಮಕ್ಕಳ ಸಮೇತ ಹೊರದೂಡಲಾಯಿತು. ಸೀಸರನು ಅವರನ್ನು ತನ್ನ ಸಾಲುಗಳ ಒಳಗೆ ಬಿಡಲಿಲ್ಲ. ಅವರ ಗತಿ ಏನಾಯಿತೆಂದು ಅವನ ಬರಹ ಹೇಳುವುದೂ ಇಲ್ಲ. ಆ ಇಳಿಜಾರಿನಲ್ಲಿ ಈಗ ಹುಲ್ಲು ಮಾತ್ರ ಇದೆ.

ಬೆಟ್ಟದ ಪಶ್ಚಿಮ ತುದಿಯಲ್ಲಿರುವ ವರ್ಸಿಂಜೆಟೊರಿಕ್ಸ್‌ನ ತಾಮ್ರದ ಪ್ರತಿಮೆಯನ್ನು 1865ರಲ್ಲಿ ನಿಲ್ಲಿಸಿದವನು ಮೂರನೆಯ ನೆಪೋಲಿಯನ್. ಇಲ್ಲಿ ಉತ್ಖನನ ಮಾಡಿಸಿದವನೂ ಅವನೇ. ಪ್ರತಿಮೆಯ ಮುಖದಲ್ಲಿ ಆ ಚಕ್ರವರ್ತಿಯ ಹೋಲಿಕೆಯಿದೆ ಎನ್ನುತ್ತಾರೆ. ಸೋತ ನಾಯಕನ ಚಹರೆಯನ್ನು ಯಾರು ತಾನೇ ಬಲ್ಲರು! ಸಮೀಪದಲ್ಲೇ ರಂಗಮಂದಿರದ ಅಡಿಪಾಯ ಮೊದಲಾದ ಅವಶೇಷಗಳಿವೆ. ಇವು ಯುದ್ಧದ ನಂತರ, ರೋಮನ್ ಆಳ್ವಿಕೆಯ ಗಾಲ್‌ನಲ್ಲಿ ಬೆಳೆದ (ಗ್ಯಾಲೋ-ರೋಮನ್) ಪಟ್ಟಣದವು, ಮುತ್ತಿಗೆಯ ಕುರುಹುಗಳೆಂದು ತಪ್ಪು ತಿಳಿಯಬಾರದು.

ಆಮೇಲೆ ಕೆಳಗಿಳಿದು, 2012ರಲ್ಲಿ ತೆರೆದ ದುಂಡನೆಯ ಸಂಗ್ರಹಾಲಯಕ್ಕೆ ಬನ್ನಿ. ಸೀಸರನ ರಕ್ಷಣಾ ಸಾಲುಗಳು ಮಣ್ಣು ಮತ್ತು ಮರದವಾದ್ದರಿಂದ ನೆಲದ ಮೇಲೆ ಏನೂ ಉಳಿದಿಲ್ಲ; ಅದಕ್ಕಾಗಿಯೇ ಕಟ್ಟಡದ ಹೊರಗೆ ಕಂದಕ, ಒಡ್ಡು, ಮರದ ಬುರುಜುಗಳನ್ನು ಸ್ವಲ್ಪ ಉದ್ದಕ್ಕೆ ಮರುನಿರ್ಮಿಸಿದ್ದಾರೆ. ಒಡ್ಡಿನ ಎತ್ತರ 12 ಅಡಿ, ಬುರುಜುಗಳ ಅಂತರ 80 ಅಡಿ ಎಂದು ಸೀಸರನೇ ಬರೆದಿದ್ದಾನೆ. ಮೂರು ಅಡಿ ಆಳದ ಗುಂಡಿಗಳಲ್ಲಿ ಚೂಪಾದ ಗೂಟ ನೆಟ್ಟು, ಮೇಲೆ ಸೊಪ್ಪು ಮುಚ್ಚುತ್ತಿದ್ದರು. ಸೈನಿಕರು ಇವನ್ನು ‘ಲಿಲಿ ಹೂ’ ಎಂದು ಕರೆಯುತ್ತಿದ್ದರಂತೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇಲ್ಲಿನ ಮಣ್ಣಿನಲ್ಲಿ ದೊರೆತ ಕವಣೆಯ ಸೀಸದ ಗುಂಡುಗಳ ಸಂಗತಿ: ಕೆಲವುಗಳ ಮೇಲೆ ಸೀಸರನ ದಳಪತಿ ಲೇಬಿಯೆನಸನ ಹೆಸರಿನ ಅಚ್ಚಿದೆ. ಇದೇ ಲೇಬಿಯೆನಸ್ ಮುಂದೆ ರೋಮಿನ ಅಂತರ್ಯುದ್ಧದಲ್ಲಿ ಸೀಸರನ ಎದುರಾಳಿಯಾದ ಪಾಂಪೆಯ ಪಕ್ಷ ಸೇರಿ, ಕ್ರಿ.ಪೂ. 45ರಲ್ಲಿ ಸ್ಪೇನಿನ ಮುಂಡಾದಲ್ಲಿ ಸೀಸರನ ವಿರುದ್ಧ ಹೋರಾಡುತ್ತಲೇ ಸತ್ತ.

ಚಳಿಗಾಲದಲ್ಲಿ ಸಂಗ್ರಹಾಲಯ ಮುಚ್ಚಿರುವುದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಕಾಲವೇ ಸೂಕ್ತ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಕ್ಷೇಮ. ಕಾರಿದ್ದರೆ ಎದುರು ಗುಡ್ಡದ ಫ್ಲಾವಿಞಿಗೂ ಹೋಗಿ ಬನ್ನಿ. ಸೋಂಪಿನ ಕಾಳಿಗೆ ಸಕ್ಕರೆ ಲೇಪಿಸಿದ ಅಲ್ಲಿಯ ಮಿಠಾಯಿ ಪ್ರಸಿದ್ಧ, ಚಿಕ್ಕ ಡಬ್ಬಿಗಳಲ್ಲಿ ಸಿಗುತ್ತದೆ.