ಮ್ಯೂನಿಕ್‌ನಲ್ಲಿ ಫೈನಲ್, ಇಂಗ್ಲೆಂಡ್ ಗೈರು

2025ರ ಜನವರಿ ಕೊನೆಯಲ್ಲಿ ಯುರೋಪಿನ ಕ್ಲಬ್ಬುಗಳ ದೊಡ್ಡ ಫುಟ್‌ಬಾಲ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 36 ತಂಡಗಳ ಪಟ್ಟಿಯಲ್ಲಿ ಲಿವರ್‌ಪೂಲ್ ಮೊದಲ ಸ್ಥಾನದಲ್ಲಿತ್ತು, ಆರ್ಸೆನಲ್ ಮೂರನೆಯದರಲ್ಲಿ. ಪ್ಯಾರಿಸ್‌ನ ಪಿಎಸ್‌ಜಿ ಎಲ್ಲೋ ಕೆಳಗೆ, 15ರಲ್ಲಿ. ಫೈನಲ್ ಮೇ 31ಕ್ಕೆ ಮ್ಯೂನಿಕ್‌ನಲ್ಲಿ. ನನ್ನ ಅಕ್ಕ, ಭಾವ ಇರುವುದೂ ಅದೇ ಊರಿನಲ್ಲಿ. ಇನ್ನೇನು ಬೇಕು? ಆಫೀಸಿನಲ್ಲಿ ರಜೆ ಹೇಳಿ ವಿಮಾನದ ಟಿಕೆಟ್ ಮಾಡಿಸಿಬಿಟ್ಟೆ. ಲಿವರ್‌ಪೂಲ್ ಅಲ್ಲದಿದ್ದರೆ ಆರ್ಸೆನಲ್, ಒಟ್ಟಿನಲ್ಲಿ ಇಂಗ್ಲೆಂಡಿನದೊಂದು ತಂಡ ಇದ್ದೇ ಇರುತ್ತದೆ ಅಂತ ಲೆಕ್ಕ.

ಮಾರ್ಚ್‌ನಲ್ಲಿ ಪಿಎಸ್‌ಜಿ ಎದುರಾಳಿಯ ಮೈದಾನ ಆನ್‌ಫೀಲ್ಡ್‌ಗೇ ಬಂದು ಪೆನಾಲ್ಟಿಯಲ್ಲಿ ಲಿವರ್‌ಪೂಲನ್ನು ಮನೆಗೆ ಕಳಿಸಿತು. ಏಪ್ರಿಲ್‌ನಲ್ಲಿ ಆಸ್ಟನ್ ವಿಲಾ ಸರದಿ. ಮೇ ತಿಂಗಳಲ್ಲಿ ಆರ್ಸೆನಲ್. ಲೀಗ್ ಹಂತದಲ್ಲಿ ಮ್ಯಾಂಚೆಸ್ಟರ್ ಸಿಟಿಗೂ ಅದೇ ತಂಡ 4-2ರಿಂದ ಬಡಿದಿತ್ತು. ಚಾಂಪಿಯನ್ಸ್ ಲೀಗ್‌ಗೆ ಬಂದಿದ್ದ ನಾಲ್ಕು ಇಂಗ್ಲಿಷ್ ತಂಡಗಳಿಗೂ ಒಂದೇ ಕೈಯಿಂದ ಏಟು. ಆಮೇಲೆ ನಾನು ವಿಮಾನ ಹತ್ತಿದ್ದು ಅಕ್ಕನನ್ನು ನೋಡಲು ಅಂತ ಹೇಳಿಕೊಂಡೇ.

ಪಂದ್ಯದ ಟಿಕೆಟ್ ವಿಷಯ ನೆನೆದರೆ ಈಗಲೂ ಮೈ ಉರಿಯುತ್ತದೆ. ಮರುಮಾರಾಟದ ಸೈಟೊಂದರಲ್ಲಿ ದುಡ್ಡು ಕಟ್ಟಿದ್ದೆ. ‘ಟಿಕೆಟ್ ನಿಮ್ಮ ಫೋನಿಗೆ ಬರುತ್ತದೆ’ ಎಂಬ ಮೆಸೇಜು ಶುಕ್ರವಾರ ರಾತ್ರಿವರೆಗೂ ಬರುತ್ತಲೇ ಇತ್ತು. ಟಿಕೆಟ್ ಮಾತ್ರ ಬರಲಿಲ್ಲ. ದುಡ್ಡು ವಾಪಸ್ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಯುರೋಪಿನಲ್ಲಿ ದೊಡ್ಡ ಪಂದ್ಯ ನೋಡಬೇಕೆಂದರೆ ಕ್ಲಬ್ಬಿನದೋ ಟೂರ್ನಿಯದೋ ಸ್ವಂತ ಸೈಟಿನ ಲಾಟರಿಗೆ ಹೆಸರು ಕೊಡಿ. ಸಿಗದಿದ್ದರೆ ಸುಮ್ನೆ ಟಿವಿ ಮುಂದೆ ಕೂತುಬಿಡಿ.

ಮ್ಯೂನಿಕ್ ಸುತ್ತಿದ್ದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಊರ ನಡುವಿನ ಚೌಕ ಮರಿಯೆನ್‌ಪ್ಲಾಟ್ಸ್‌ನ ಗೋಪುರದಲ್ಲಿ ಗೊಂಬೆಗಳು ಕುಣಿಯುವುದನ್ನು ನೋಡಲು ಜನ ಕತ್ತೆತ್ತಿ ನಿಲ್ಲುತ್ತಾರೆ. ನನಗೆ ಕತ್ತು ನೋವು ಬಂದದ್ದೇ ಲಾಭ. ಸಸ್ಯಾಹಾರಿಗಳಿಗೆ ಬಿಯರ್ ತೋಟಗಳಲ್ಲಿ ಸಿಗುವ ಒಬಾಟ್ಸ್‌ಡಾ ಮಾತ್ರ ಬಹಳ ಚೆನ್ನಾಗಿದೆ. ಚೀಸು, ಬೆಣ್ಣೆ, ಕೆಂಪು ಮೆಣಸಿನ ಪುಡಿ ಕಲಸಿದ ಮುದ್ದೆ. ದೊಡ್ಡ ಪ್ರೆಟ್ಸೆಲ್ ಮುರಿದು ಅದಕ್ಕೆ ಅದ್ದಿ ತಿನ್ನಬೇಕು. ಶನಿವಾರ ರಾತ್ರಿ ಭಾವನ ಸೋಫಾದಲ್ಲಿ ಕೂತು, ಪಿಎಸ್‌ಜಿ ಇಂಟರ್ ಮಿಲಾನನ್ನು 5-0 ಅಂತರದಲ್ಲಿ ಚಚ್ಚಿದ್ದನ್ನು ನೋಡಿದೆ. ಫೈನಲ್‌ಗಳ ಇತಿಹಾಸದಲ್ಲೇ ಅಷ್ಟು ದೊಡ್ಡ ಗೆಲುವು ಇನ್ನೊಂದಿಲ್ಲ. ಎರಡು ಗೋಲು ಹೊಡೆದ ಡೂಎಗೆ 19 ವರ್ಷ!

“ನಾಳೆ ಎಲ್ಲಿಗೋ ಹೋಗ್ತೀಯಾ?” ಅಂದಳು ಅಕ್ಕ. ಟ್ರುಡರಿಂಗ್‌ಗೆ ಅಂದೆ. ಇಷ್ಟು ವರ್ಷ ಇದೇ ಊರಿನಲ್ಲಿದ್ದರೂ ಅಲ್ಲಿ ನೋಡುವಂಥದ್ದು ಏನಿದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಟ್ರುಡರಿಂಗ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಊರಿನ ಪೂರ್ವಕ್ಕಿರುವ ಬಡಾವಣೆ ಅದು. ಎತ್ತರದ ಬೇಲಿಗಿಡ, ಹಂಚಿನ ಮನೆ, ಸೈಕಲ್ಲು. ಭಾನುವಾರವಾದ್ದರಿಂದ ಒಂದು ಅಂಗಡಿಯೂ ತೆರೆದಿರಲಿಲ್ಲ. ಹೂವು ಬೇಕಿದ್ದರೆ ಹೊರಡುವ ಮೊದಲೇ ದೊಡ್ಡ ರೈಲು ನಿಲ್ದಾಣದಲ್ಲಿ ಕೊಂಡುಬಿಡಬೇಕು. ನಾನು ಬರಿಗೈಲಿ ನಿಂತೆ. ಎರಡು ಬೀದಿ ಕೂಡುವ ಮೂಲೆಯಲ್ಲಿ ಪುಟ್ಟ ಜಾಗ. ಫಲಕದಲ್ಲಿ ‘ಮ್ಯಾಂಚೆಸ್ಟರ್‌ಪ್ಲಾಟ್ಸ್’ ಅಂತ ಹೆಸರು. ಫುಟ್‌ಬಾಲ್ ಮೈದಾನದ ಆಕಾರದ ಕಡುನೀಲಿ ಗ್ರಾನೈಟ್ ಕಲ್ಲು. ಅದರ ಬುಡದಲ್ಲಿ ಕೆಂಪು ಗಾಜಿನೊಳಗೆ ಉರಿದು ಮುಗಿದ ಮೇಣದ ಬತ್ತಿಗಳು, ಬಿಸಿಲಿಗೆ ಬಣ್ಣ ಹೋದ ಕೆಂಪು-ಬಿಳಿ ಮಫ್ಲರ್‌ಗಳು, ಪ್ಲಾಸ್ಟಿಕ್ ಹೊದಿಸಿದ ಹುಡುಗರ ಫೋಟೋಗಳು. ಒಂದು ಫೋಟೋದ ಒಳಗೆ ನೀರು ಹೋಗಿ ಮುಖ ಅರ್ಧ ಅಳಿಸಿತ್ತು. ನಾನು ಎಂಥದ್ದೋ ದೊಡ್ಡ ಸ್ಮಾರಕ ಇರುತ್ತದೆ ಅಂದುಕೊಂಡಿದ್ದೆ. ಇದು ನಮ್ಮ ಬೀದಿ ಕೊನೆಯ ನಾಗರಕಲ್ಲಿನ ಕಟ್ಟೆಯಷ್ಟೇ ಇತ್ತು.

1958ರ ಫೆಬ್ರವರಿ 6. ಬೆಲ್‌ಗ್ರೇಡ್‌ನಲ್ಲಿ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಪಂದ್ಯವನ್ನು ರೆಡ್ ಸ್ಟಾರ್ ಜೊತೆ 3-3 ಡ್ರಾ ಮಾಡಿಕೊಂಡು ಮ್ಯಾಂಚೆಸ್ಟರ್ ಯುನೈಟೆಡ್ ಊರಿಗೆ ಮರಳುತ್ತಿತ್ತು. ಇಂಧನ ತುಂಬಿಸಲು ವಿಮಾನ ಇಲ್ಲಿನ ರೀಮ್ ನಿಲ್ದಾಣದಲ್ಲಿ ಇಳಿದಿತ್ತು. ರನ್‌ವೇ ತುಂಬ ಕರಗಿದ ಹಿಮದ ರೊಚ್ಚೆ. ಎರಡು ಸಲ ಮೇಲೇರಲು ನೋಡಿ ಬಿಟ್ಟರು. ಮೂರನೆಯ ಸಲ ವಿಮಾನ ಬೇಲಿ ಮುರಿದುಕೊಂಡು ಹೋಗಿ ಒಂದು ಮನೆಗೆ ಗುದ್ದಿತು. ಒಳಗಿದ್ದ 44 ಜನರಲ್ಲಿ 23 ಮಂದಿ ಹೋದರು. ಅವರಲ್ಲಿ 8 ಆಟಗಾರರು. 21 ವರ್ಷದ ಡಂಕನ್ ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ 15 ದಿನ ಹೋರಾಡಿ ಸತ್ತ. ರೀಮ್ ನಿಲ್ದಾಣ 1992ರಲ್ಲಿ ಮುಚ್ಚಿತು. ಈಗ ಅಲ್ಲಿ ವಸ್ತುಪ್ರದರ್ಶನದ ಹಾಲ್‌ಗಳು, ಅಪಾರ್ಟ್‌ಮೆಂಟ್‌ಗಳು.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಇದರಾಚೆಗಿನದು ಗೊತ್ತಾಗಿದ್ದು ಅಲ್ಲಿ ಕೂತಿದ್ದ ಹಿರಿಯರಿಂದ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನವರು, ಬಸ್ ಓಡಿಸಿ ನಿವೃತ್ತರಾದವರು. ಹನ್ನೊಂದು ದಿನದ ಹಿಂದೆ ಸ್ಪೇನಿನ ಬಿಲ್ಬಾವೊದಲ್ಲಿ ಯುನೈಟೆಡ್ ಇಂಗ್ಲೆಂಡಿನದೇ ಟಾಟನ್‌ಹ್ಯಾಮ್‌ಗೆ ಯುರೋಪಾ ಲೀಗ್ ಫೈನಲ್ ಸೋತದ್ದನ್ನು ನೋಡಿ, ಹಾಗೇ ಸುತ್ತುತ್ತಾ ಇಲ್ಲಿಗೆ ಬಂದಿದ್ದರು. ಫ್ಲಾಸ್ಕಿನಿಂದ ಮುಚ್ಚಳಕ್ಕೆ ಟೀ ಬಗ್ಗಿಸಿ ನನಗೆ ಕೊಟ್ಟರು. ಕಂದು ಬಣ್ಣ ಅನ್ನುವುದು ಬಿಟ್ಟರೆ ಅದರಲ್ಲಿ ಟೀ ಏನೂ ಇರಲಿಲ್ಲ.

“ಇಷ್ಟೊಂದು ದುಡ್ಡಿರುವ ಲೀಗು. ಆದರೂ ಯುರೋಪಿನಲ್ಲಿ ಯಾಕೆ ಹೀಗೆ ಮುಗ್ಗರಿಸುತ್ತೀರಿ?” ಅಂತ ಕೇಳಿದೆ.

ಅವರು ಕಲ್ಲಿನ ಕಡೆ ಕೈ ತೋರಿಸಿದರು. “ಆ ಗುರುವಾರ ಅಷ್ಟು ಆತುರ ಯಾಕಿತ್ತು ಹೇಳಿ? ಶನಿವಾರ ವುಲ್ವ್ಸ್ ಜೊತೆ ಲೀಗ್ ಪಂದ್ಯ ಇತ್ತು. ಹಿಂದಿನ ಸುತ್ತಿನಲ್ಲಿ ಪ್ರಾಗ್‌ನಿಂದ ಬರುವಾಗ ಮಂಜು ಕವಿದು ವಿಮಾನ ಸಿಗದೆ, ಆಮ್‌ಸ್ಟರ್‌ಡ್ಯಾಂಗೆ ಹೋಗಿ ಹಡಗು ಹತ್ತಿ ಒದ್ದಾಡಿದ್ದರು. ಅದಕ್ಕೇ ಈ ಸಲ ಸ್ವಂತ ವಿಮಾನ ಬಾಡಿಗೆಗೆ ಹಿಡಿದರು. ಲೀಗಿನವರು ಶನಿವಾರ ಬಿಟ್ಟುಕೊಡುವವರಲ್ಲ.”

ಕಥೆ ಇನ್ನೂ ಹಿಂದಕ್ಕೆ ಹೋಯಿತು. 1954ರ ಡಿಸೆಂಬರ್‌ನಲ್ಲಿ ವುಲ್ವ್ಸ್ ತಂಡ ಹಂಗರಿಯ ಹೊನ್ವೇಡನ್ನು ಕೆಸರಿನ ಮೈದಾನದಲ್ಲಿ 3-2ರಿಂದ ಸೋಲಿಸಿತು. ಲೋಕಕ್ಕೇ ನಾವು ಚಾಂಪಿಯನ್ನರು ಅಂತ ಇಂಗ್ಲಿಷ್ ಪತ್ರಿಕೆಗಳು ಬೀಗಿದವು. ಹಾಗಾದರೆ ಒಂದು ಟೂರ್ನಿ ಇಟ್ಟೇ ನೋಡೋಣ ಅಂದವರು ಫ್ರೆಂಚ್ ಪತ್ರಿಕೆ ಲೆಕಿಪ್‌ನ ಗೇಬ್ರಿಯಲ್ ಅನೋ. ಯುರೋಪಿಯನ್ ಕಪ್ ಹುಟ್ಟಿದ್ದು ಹಾಗೆ. ಮೊದಲ ವರ್ಷ ಇಂಗ್ಲೆಂಡಿನಿಂದ ಯಾರು ಆಡಿದರು? ಯಾರೂ ಇಲ್ಲ! 1955ರ ಚಾಂಪಿಯನ್ ಚೆಲ್ಸಿಯನ್ನು ಇಂಗ್ಲಿಷ್ ಲೀಗೇ ಹೋಗದಂತೆ ತಡೆಯಿತು. ನಮ್ಮ ಪಂದ್ಯಗಳಿಗೆ ತೊಂದರೆ ಆಗುತ್ತದೆ ಅನ್ನುವ ನೆಪ. ಮರುವರ್ಷ ಯುನೈಟೆಡ್‌ನ ಮ್ಯಾನೇಜರ್ ಮ್ಯಾಟ್ ಬಸ್ಬಿ ಲೀಗಿನ ಮಾತು ಕೇಳದೆ ಹೋದರು.

“ಇವತ್ತಿಗೂ ಅದೇ ರೋಗ,” ಅಂದರು ಹಿರಿಯರು. “ನಮಗೆ 20 ತಂಡದ ಲೀಗು, 38 ಪಂದ್ಯ, ಮೇಲೆ ಎರಡು ಕಪ್ಪು. ಕ್ರಿಸ್‌ಮಸ್ ಅಂದರೆ ಬೇರೆಯವರಿಗೆ ರಜೆ, ನಮಗೆ ಓವರ್‌ಟೈಮು. ಜರ್ಮನರಿಗೆ 34 ಪಂದ್ಯ, ಚಳಿಗಾಲದ ಬಿಡುವು. ಫ್ರೆಂಚರಂತೂ 2024ರಲ್ಲಿ ಬಾರ್ಸಿಲೋನಾ ಪಂದ್ಯಕ್ಕೆ ತಯಾರಾಗಲಿ ಅಂತ ಪಿಎಸ್‌ಜಿಯ ಲೀಗ್ ಪಂದ್ಯವನ್ನೇ ಮುಂದೂಡಿದರು. ನಮ್ಮವರು ಮಾಡ್ತಾರಾ?”

ಲಿವರ್‌ಪೂಲನ್ನು ನೆನೆಸಿಕೊಂಡೆ. ಮಂಗಳವಾರ ರಾತ್ರಿ ಪಿಎಸ್‌ಜಿ ಎದುರು 120 ನಿಮಿಷ, ಮೇಲೆ ಪೆನಾಲ್ಟಿ. ಆ ಭಾನುವಾರವೇ ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್. ನ್ಯೂಕಾಸಲ್ ಎದುರು 2-1 ಸೋಲು. ಪಿಎಸ್‌ಜಿ ಏಪ್ರಿಲ್ 5ಕ್ಕೇ, ಇನ್ನೂ ಆರು ಪಂದ್ಯ ಬಾಕಿ ಇರುವಾಗಲೇ ಫ್ರೆಂಚ್ ಲೀಗ್ ಗೆದ್ದು ಮುಗಿಸಿತ್ತು. ಆಮೇಲೆ ಬೇಕಾದವರನ್ನು ಆಡಿಸಬಹುದು, ಬೇಕಾದವರಿಗೆ ರೆಸ್ಟ್ ಕೊಡಬಹುದು.

ಆದರೂ ನಾನು ಬಿಡಲಿಲ್ಲ. 2007, 2008, 2009ರಲ್ಲಿ ಪ್ರತಿ ವರ್ಷ ನಾಲ್ಕರಲ್ಲಿ ಮೂರು ಸೆಮಿಫೈನಲ್ ತಂಡಗಳು ಇಂಗ್ಲೆಂಡಿನವೇ. ಆಗಲೂ ಇದೇ ಕ್ಯಾಲೆಂಡರ್ ಇತ್ತಲ್ವಾ?

ಅವರು ಸ್ವಲ್ಪ ಹೊತ್ತು ಟೀ ಕುಡಿದರು. “ಇತ್ತು. ಆದರೆ ಆಗ ಮೇಲಿನ ನಾಲ್ಕು ತಂಡ ಬೇರೆ, ಉಳಿದ ಹದಿನಾರು ಬೇರೆ. ಈಗ ಕೊನೆಯ ಸ್ಥಾನದವರಿಗೂ ಟಿವಿ ದುಡ್ಡು ಸುರಿಯುತ್ತದೆ. ಯಾರ ಎದುರೂ ಮಲಗಿಕೊಂಡು ಆಡಲಾಗದು.” 2024-25ರಲ್ಲಿ ಬರೀ 12 ಅಂಕ ಗಳಿಸಿ ಕೊನೆಗೆ ಬಿದ್ದ ಸೌತಾಂಪ್ಟನ್‌ಗೂ ಲೀಗಿನಿಂದ 10 ಕೋಟಿ ಪೌಂಡ್‌ಗೂ ಮೇಲೆ ಸಿಕ್ಕಿದೆ. ದುಡ್ಡು ಇಂಗ್ಲೆಂಡಿನಲ್ಲಿ ಮೇಲಿನ ತಂಡಗಳ ಬಲ ಹೆಚ್ಚಿಸಿದ್ದಷ್ಟೇ ಅಲ್ಲ, ಅವರ ವಾರವನ್ನೂ ಕಠಿಣ ಮಾಡಿದೆ. ಈ ಮಾತು ನನಗೆ ಒಪ್ಪಿತು. ಅದೇ ದುಡ್ಡಿನ ಬಲದಿಂದ ಎರಡನೇ ದರ್ಜೆಯ ಯುರೋಪಾ ಲೀಗ್ ಫೈನಲ್‌ಗೆ ಇಂಗ್ಲೆಂಡಿನ 15ನೆಯ ಮತ್ತು 17ನೆಯ ತಂಡಗಳು ಬಂದಿದ್ದು. ದೊಡ್ಡ ಟೂರ್ನಿಯ ಏಪ್ರಿಲ್-ಮೇ ತಿಂಗಳಿಗೆ ಮಾತ್ರ ಕಾಲು ಸೋಲುತ್ತದೆ.

ಎಲ್ಲ ತಪ್ಪನ್ನೂ ಕ್ಯಾಲೆಂಡರ್ ಮೇಲೆ ಹೊರಿಸಲು ಅವರೂ ತಯಾರಿರಲಿಲ್ಲ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಬೆಂಬಲಿಗರು ನುಗ್ಗಿ ಗೋಡೆ ಕುಸಿದು 39 ಜನ ಸತ್ತರು. ಇಂಗ್ಲಿಷ್ ಕ್ಲಬ್ಬುಗಳಿಗೆ ಐದು ವರ್ಷ ನಿಷೇಧ. ಅದಕ್ಕೂ ಮುಂಚೆ 1977ರಿಂದ 1982ರವರೆಗೆ ಆರು ವರ್ಷವೂ ಕಪ್ ಅವರದೇ. ವಾಪಸ್ ಬಂದಾಗ ಹೊರಗಿನವರ ಆಟ ಬೇರೆಯೇ ಆಗಿತ್ತು. ಜೊತೆಗೆ ಮೂರೇ ವಿದೇಶಿ ಆಟಗಾರರು ಎಂಬ ನಿಯಮ. ಸ್ಕಾಟ್‌ಲೆಂಡ್, ವೇಲ್ಸ್, ಐರ್ಲೆಂಡ್‌ನವರೂ ಆ ಲೆಕ್ಕದಲ್ಲಿ ವಿದೇಶಿಗಳೇ. 1994ರಲ್ಲಿ ಬಾರ್ಸಿಲೋನಾದಲ್ಲಿ ಯುನೈಟೆಡ್ ಡೆನ್ಮಾರ್ಕ್‌ನವನಾದ ತನ್ನ ಗೋಲಿ ಪೀಟರ್ ಶ್ಮೈಕಲ್‌ನನ್ನೇ ಹೊರಗೆ ಕೂರಿಸಿ 4-0ಯಿಂದ ಸೋತಿತು. “ನಾನಿದ್ದೆ ಅಲ್ಲಿ. ಊರಿಗೆ ಬರುವವರೆಗೂ ಯಾರೂ ಬಾಯಿ ಬಿಡಲಿಲ್ಲ,” ಅಂದರು.

ಬಸ್ಸು ಬರುವ ಹೊತ್ತಾಗಿತ್ತು. ರಿಯಲ್ ಮ್ಯಾಡ್ರಿಡ್ ಒಂದೇ 15 ಸಲ ಈ ಕಪ್ ಗೆದ್ದಿದೆ, ಇಂಗ್ಲೆಂಡಿನ ಆರು ಕ್ಲಬ್ಬುಗಳ ಲೆಕ್ಕ ಕೂಡಿಸಿದರೂ 15 ಅಂತ ನಾನು ಕೆಣಕಿದೆ. ಅವರು ಜೋರಾಗಿ ನಕ್ಕರು. “ಮುಂದಿನ ವರ್ಷ ನಮಗೆ ಯುರೋಪಿನ ಟೂರ್ನಿಯೇ ಇಲ್ಲ. ವಾರದ ಮಧ್ಯೆ ಪೂರ್ತಿ ನಿದ್ದೆ. ಶನಿವಾರ ಗೆಲ್ಲದಿದ್ದರೆ ನೆಪವೂ ಇಲ್ಲ.”

ಬೆಂಗಳೂರಿಗೆ ಮರಳಿದ ಮೇಲೆ, ಜೂನ್ 6ರಂದು ಸುದ್ದಿ ಓದಿದೆ. ಬಿಲ್ಬಾವೊದಲ್ಲಿ ಟಾಟನ್‌ಹ್ಯಾಮ್‌ಗೆ 41 ವರ್ಷದ ನಂತರ ಯುರೋಪಿನ ಕಪ್ ಗೆದ್ದುಕೊಟ್ಟ ಕೋಚ್ ಆಂಜ್ ಪೊಸ್ಟೆಕೊಗ್ಲುನನ್ನು ಕ್ಲಬ್ಬು ಕೆಲಸದಿಂದ ತೆಗೆದಿತ್ತು. ಕಪ್ ಗೆದ್ದು 16 ದಿನ ಆಗಿತ್ತು. ಲೀಗ್‌ನಲ್ಲಿ 17ನೇ ಸ್ಥಾನ ಬಂತಲ್ಲ, ಅದಕ್ಕೆ.