ಜಿಸಿಸಿ ಹೊಸದು, ಎರರ್ ಮಾತ್ರ ಹಳೇದೇ

ಬೆಂಗಳೂರಿನ ಅನಲಿಟಿಕ್ಸ್ ತಂಡಗಳಲ್ಲಿ ಆರ್ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ ಸಾಮಾನ್ಯವಾಗಿ ಎರಡು ಕಡೆ ಓಡುತ್ತದೆ: ತಮ್ಮ ತಮ್ಮ ಲ್ಯಾಪ್‌ಟಾಪ್, ಎಲ್ಲರಿಗೂ ಸೇರಿದ ಲಿನಕ್ಸ್ ಸರ್ವರ್. ವಿಂಡೋಸ್ ಲ್ಯಾಪ್‌ಟಾಪಿಗೆ ಆರ್ ಪ್ಯಾಕೇಜುಗಳ ರೆಡಿಮೇಡ್ ಬೈನರಿ ಸಿಗುತ್ತದೆ, ತಲೆನೋವಿಲ್ಲ. ಸರ್ವರ್‌ನಲ್ಲಿ ಬಹುಪಾಲು ಸೋರ್ಸಿನಿಂದಲೇ ಬಿಲ್ಡ್ ಆಗಬೇಕು, ತಕರಾರು ಶುರುವಾಗುವುದು ಅಲ್ಲಿ.

ಪದೇ ಪದೇ ಕಾಣುವ ಎರರ್ ಇದು: ‘ಸಿ++17 ಸ್ಟ್ಯಾಂಡರ್ಡ್ ರಿಕ್ವೆಸ್ಟೆಡ್ ಬಟ್ ಸಿಎಕ್ಸ್‌ಎಕ್ಸ್17 ಈಸ್ ನಾಟ್ ಡಿಫೈನ್ಡ್’. ಅಂದರೆ ಪ್ಯಾಕೇಜ್ ಸಿ++ ಭಾಷೆಯ 2017ರ ಆವೃತ್ತಿ ಕೇಳುತ್ತಿದೆ, ಅದಕ್ಕೆ ಯಾವ ಕಂಪೈಲರ್ ಎಂದು ಹೇಳುವ ಸಿಎಕ್ಸ್‌ಎಕ್ಸ್17 ಸೆಟ್ಟಿಂಗ್ ಆರ್‌ನಲ್ಲಿ ಖಾಲಿ ಇದೆ. ನೋಡಿದ ತಕ್ಷಣ ಎಲ್ಲರೂ ಹೊಸ ಜಿಸಿಸಿ (ಸೋರ್ಸ್ ಕೋಡನ್ನು ಬೈನರಿ ಮಾಡುವ ಕಂಪೈಲರ್) ಹಾಕುತ್ತಾರೆ. ಟರ್ಮಿನಲ್‌ನಲ್ಲಿ ವರ್ಷನ್ ಕೇಳಿದರೆ 11 ಅನ್ನುತ್ತದೆ. ಮತ್ತೆ ಇನ್‌ಸ್ಟಾಲ್ ಕೊಟ್ಟರೆ ಅದೇ ಎರರ್.

ಆರ್ ನಿಮ್ಮ ಟರ್ಮಿನಲ್ಲನ್ನು ಕೇಳುವುದೇ ಇಲ್ಲ. ತಾನು ಬಿಲ್ಡ್ ಆದ ದಿನ ಯಾವ ಕಂಪೈಲರ್ ಇತ್ತೋ ಅದನ್ನು ಇಟಿಸಿ ಫೋಲ್ಡರಿನ ಮೇಕ್‌ಕಾನ್ಫ್ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಸೆಂಟ್‌ಓಎಸ್ 7 ಎಂಬ ಹಳೇ ಲಿನಕ್ಸಿನ ಜಿಸಿಸಿ 4.8.5ಕ್ಕೆ ಸಿ++17 ಗೊತ್ತಿಲ್ಲ. ಹಾಗಾಗಿ ಅದರಲ್ಲಿ ಬಿಲ್ಡ್ ಆದ ಆರ್‌ನಲ್ಲಿ ಸಿಎಕ್ಸ್‌ಎಕ್ಸ್17ರ ಮುಂದೆ ಖಾಲಿ. ಶೆಲ್‌ನಲ್ಲಿ ಸಿಎಕ್ಸ್‌ಎಕ್ಸ್ ಎಕ್ಸ್‌ಪೋರ್ಟ್ ಮಾಡಿದರೂ ಅಷ್ಟೇ, ಆ ಮೇಕ್‌ಕಾನ್ಫ್ ಫೈಲಿನ ಮಾತೇ ನಡೆಯುತ್ತದೆ. ಕಾನ್ಫಿಗರ್ ಸ್ಕ್ರಿಪ್ಟ್ ಇರುವ ಕೆಲವು ಪ್ಯಾಕೇಜ್ ಮಾತ್ರ ಎಕ್ಸ್‌ಪೋರ್ಟ್ ಮಾಡಿದ್ದನ್ನೂ ಓದುವುದರಿಂದ ಗೊಂದಲ ಇನ್ನಷ್ಟು.

ಆದ್ದರಿಂದ ಮೊದಲು ‘ಆರ್ ಸಿಎಂಡಿ ಕಾನ್ಫಿಗ್ ಸಿಎಕ್ಸ್‌ಎಕ್ಸ್17’ ಓಡಿಸಿ. ಉತ್ತರ ಖಾಲಿ ಬಂದರೆ ಹೋಮ್ ಫೋಲ್ಡರಿನ ‘.ಆರ್’ ಡೈರೆಕ್ಟರಿಯಲ್ಲಿ ಮೇಕ್‌ವಾರ್ಸ್ ಎಂಬ ಫೈಲ್ ಮಾಡಿ ಈ ಸಾಲುಗಳನ್ನು ಸೇರಿಸಿ (ಜಿ++ ಅಂದರೆ ಜಿಸಿಸಿಯ ಸಿ++ ಕಂಪೈಲರ್):

ಸಿಎಕ್ಸ್‌ಎಕ್ಸ್17 = ಹೊಸ ಜಿ++ನ ಪೂರ್ತಿ ಪಾತ್
ಸಿಎಕ್ಸ್‌ಎಕ್ಸ್17ಎಸ್‌ಟಿಡಿ = -ಎಸ್‌ಟಿಡಿ=ಗ್ನು++17
ಸಿಎಕ್ಸ್‌ಎಕ್ಸ್17ಫ್ಲ್ಯಾಗ್ಸ್ = -ಓ2
ಸಿಎಕ್ಸ್‌ಎಕ್ಸ್17ಪಿಕ್‌ಫ್ಲ್ಯಾಗ್ಸ್ = -ಎಫ್‌ಪಿಕ್

ಬರೀ ಜಿ++ ಅಂತ ಬರೆದರೆ ಟರ್ಮಿನಲ್‌ನಲ್ಲಿ ನಡೆದದ್ದು ಬ್ರೌಸರಿನಲ್ಲಿ ಆರ್ ಓಡಿಸುವ ಆರ್‌ಸ್ಟುಡಿಯೋ ಸರ್ವರ್‌ನಲ್ಲಿ ನಡೆಯದೇ ಹೋಗಬಹುದು, ಆ ಸೆಷನ್ ಪ್ರೋಗ್ರಾಂ ಹುಡುಕುವ ಪಾತ್ ಬೇರೆ. ಕೊನೆಯ ಸಾಲನ್ನು ಬಹಳ ಜನ ಮರೆಯುತ್ತಾರೆ. ಆಗ ಕಂಪೈಲ್ ಸಲೀಸಾಗಿ ಮುಗಿದು, ಲಿಂಕ್ ಆಗುವಾಗ ‘ರಿಕಂಪೈಲ್ ವಿತ್ ಎಫ್‌ಪಿಕ್’ ಎಂದು ನಿಲ್ಲುತ್ತದೆ. ಆರ್ 4.3.0ರಲ್ಲಿ, ಕಂಪೈಲರ್‌ಗೆ ಗೊತ್ತಿರುವ ಕಡೆ, ಸಿ++17 ಡೀಫಾಲ್ಟ್ ಆಯಿತು; ಅದನ್ನೇ ಕೇಳುವ ಪ್ಯಾಕೇಜ್ ಬಂದರೆ ಹಳೇ ಸರ್ವರ್‌ಗಳಲ್ಲಿ ಈ ಪಾಡು ತಪ್ಪಿದ್ದಲ್ಲ.

ಈ ಮೇಕ್‌ವಾರ್ಸ್ ಮುಂದೆ ಶತ್ರುವೂ ಆಗುತ್ತದೆ. ಎರಡು ವರ್ಷದ ಹಿಂದೆ ಯಾವುದೋ ಒಂದು ಪ್ಯಾಕೇಜಿಗಾಗಿ ಬರೆದ ಸಾಲು ಇವತ್ತಿನ ಪ್ಯಾಕೇಜಿನ ಸ್ವಂತ ಸೆಟ್ಟಿಂಗನ್ನೂ ಮೀರುತ್ತದೆ. ಪಕ್ಕದವರಿಗೆ ಬಿಲ್ಡ್ ಆಗಿ ನಿಮಗೊಬ್ಬರಿಗೇ ಆಗದಿದ್ದರೆ ಆ ಫೈಲಿನ ಹೆಸರು ಬದಲಿಸಿ ಇನ್ನೊಮ್ಮೆ ಪ್ರಯತ್ನಿಸಿ. ಕಂಪೈಲರ್ ಬದಲಿಸಿದ ಮೇಲೆ ನಿಮ್ಮದೇ ಸೋರ್ಸ್ ಫೋಲ್ಡರಿನಿಂದ ಇನ್‌ಸ್ಟಾಲ್ ಮಾಡುವುದಾದರೆ ಪ್ರೀಕ್ಲೀನ್ ಆಪ್ಷನ್ ಕೊಡಿ, ಇಲ್ಲದಿದ್ದರೆ ಹಳೇ ‘.ಓ’ ಫೈಲುಗಳೇ ಮತ್ತೆ ಅಂಟಿಕೊಳ್ಳುತ್ತವೆ.

ಎಲ್ಲ ಮುಗಿದು, ಕೊನೆಯಲ್ಲಿ ಲೋಡ್ ಮಾಡಿ ಪರೀಕ್ಷಿಸುವಾಗ ‘ಗ್ಲಿಬ್‌ಸಿಎಕ್ಸ್‌ಎಕ್ಸ್ 3.4.29 ನಾಟ್ ಫೌಂಡ್’ ಎಂದರೆ ಕಂಪೈಲರ್‌ಗೆ ಕೈ ಹಚ್ಚಬೇಡಿ. ಬಿಲ್ಡ್ ಮಾಡಿದ್ದು ಜಿಸಿಸಿ 11 ಅಥವಾ ಅದಕ್ಕಿಂತ ಹೊಸದು, ಲೋಡ್ ಆಗುವಾಗ ಸಿಕ್ಕ ಲಿಬ್‌ಸ್ಟಡ್‌ಸಿ++ (ಜಿಸಿಸಿಯ ಸಿ++ ಲೈಬ್ರರಿ) ಅದಕ್ಕಿಂತ ಹಳೇದು. ಬಿಲ್ಡ್ ಆದ ‘.ಎಸ್‌ಓ’ ಫೈಲಿನ ಮೇಲೆ ಎಲ್‌ಡಿಡಿ ಕಮಾಂಡ್ ಓಡಿಸಿದರೆ ಎಲ್ಲಿಂದ ಎತ್ತಿಕೊಳ್ಳುತ್ತಿದೆ ಎಂದು ಗೊತ್ತಾಗುತ್ತದೆ. ಕೊಂಡಾ ಎಂಬ ಪ್ಯಾಕೇಜ್ ಮ್ಯಾನೇಜರಿನ ಹಳೇ ಎನ್ವಿರಾನ್‌ಮೆಂಟ್ ಅಲ್ಲಿ ನುಸುಳಿರುವುದು ಅಪರೂಪವೇನಲ್ಲ.

ಜಿಫೋರ್ಟ್ರಾನ್ (ಫೋರ್ಟ್ರಾನ್ ಭಾಷೆಯ ಕಂಪೈಲರ್) ಸಿಗಲಿಲ್ಲವೆಂದರೆ ಉಬುಂಟುವಿನಲ್ಲಿ ಆರ್-ಬೇಸ್-ಡೆವ್ ಹಾಕಿದರೆ ಸಾಕು.

ಸ್ಟ್ಯಾನ್ (ಬೇಸಿಯನ್ ಮಾಡೆಲಿಂಗ್ ಸಾಫ್ಟ್‌ವೇರ್) ಆಧಾರಿತ ಪ್ಯಾಕೇಜುಗಳದ್ದು ಬೇರೆಯೇ ಕಥೆ. ಒಂದೊಂದು ಫೈಲ್ ಕಂಪೈಲ್ ಆಗಲೂ ಒಂದು ಜಿಬಿಗೂ ಮೀರಿದ ಮೆಮೊರಿ ನುಂಗಬಹುದು. ಮೇಕ್‌ಫ್ಲ್ಯಾಗ್ಸ್‌ನಲ್ಲಿ -ಜೆ8 (ಒಟ್ಟಿಗೆ ಎಂಟು ಫೈಲ್ ಕಂಪೈಲ್) ಇಟ್ಟು 8 ಜಿಬಿ ಮಷಿನ್‌ನಲ್ಲಿ ಓಡಿಸಿದರೆ ‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’ ಎಂದು ಸಾಯುತ್ತದೆ. ಕೋಡಿನಲ್ಲಿ ತಪ್ಪು ಹುಡುಕಬೇಡಿ, ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಕೊಂದದ್ದು. ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ ಕಮಾಂಡಿನಲ್ಲಿ ಅದರ ಗುರುತು ಇರುತ್ತದೆ. -ಜೆ1ಕ್ಕೆ ಇಳಿಸಿ ಕೆಳಗೆ ಹೋಗಿ ಒಂದು ಬೈ-ಟು ಕಾಫಿ ಕುಡಿದು ಬನ್ನಿ.