“ಇದು ನಂದಲ್ಲ, ಮಿಸ್‌ದು”

ನಮ್ಮ ಚಿತ್ರಕಲಾ ಕಾರ್ಯಾಗಾರದ ಮಕ್ಕಳ ಆ ವರ್ಷದ ಪ್ರದರ್ಶನಕ್ಕೆ ಗೋಡೆ ತುಂಬ ಮೀನು ಅಂಟಿಸಿದ್ದೆ. ಇಪ್ಪತ್ತೆರಡು ಮೀನು. ಎಲ್ಲವೂ ಒಂದೇ ಅಳತೆ, ಎಲ್ಲದರ ಮುಖವೂ ಎಡಕ್ಕೆ, ಮೈಮೇಲೆ ಬಣ್ಣದ ಕಾಗದದ ಚೂರುಗಳು ಸಾಲು ತಪ್ಪದೆ ಕೂತಿದ್ದವು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: “ಎಷ್ಟು ಚೆನ್ನಾಗಿ ಮಾಡ್ಸಿದೀರಿ ಮಿಸ್!” ನಾನು ಹಿಗ್ಗಿಹೋಗಿದ್ದೆ.

ಅಷ್ಟರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನನ್ನು ಅವನಮ್ಮ ಕರೆತಂದರು. “ನಿಂದು ಯಾವ್ದೋ, ತೋರ್ಸು” ಅಂದರು. ಅವನು ಸಾಲು ನೋಡುತ್ತ ಹೋಗಿ ಒಂದು ಮೀನಿನ ಕೆಳಗೆ ನಿಂತ. ಸಿಟ್ಟಿಲ್ಲ, ಬೇಸರವಿಲ್ಲ. ದಾರಿ ಕೇಳಿದವರಿಗೆ ದಾರಿ ತೋರಿಸಿದ ಹಾಗೆ ಹೇಳಿದ: “ಇದು ನಂದಲ್ಲ, ಮಿಸ್‌ದು. ಬಾಲ ನಂದು.”

ಅವನು ಹೇಳಿದ್ದು ನಿಜ. ಆಕಾರ ಬರೆದದ್ದು ನಾನು, ಕತ್ತರಿಸಿದ್ದು ಸಹಾಯಕಿ. ಚೂರು ಅಂಟಿಸುವಾಗ ಅವನ ಕೈ ಹಿಡಿದು ಸಾಲಿಗೆ ತಂದಿದ್ದೂ ನಾವೇ. ಬಾಲ ಒಂದನ್ನು ಅವನು ತಾನಾಗಿ ಅಂಟಿಸಿದ್ದ, ಅದೂ ಸ್ವಲ್ಪ ಮೇಲಕ್ಕೆ ಎದ್ದು ಕೂತಿತ್ತು. ಜನ ಸರಿಯಾಗಿಯೇ ಅಂದಿದ್ದರು. ‘ಮಕ್ಕಳು ಮಾಡಿದ್ದಾರೆ’ ಅಂತ ಯಾರ ಬಾಯಲ್ಲೂ ಬಂದಿರಲಿಲ್ಲ, ‘ಮಾಡ್ಸಿದೀರಿ’ ಅಂತ ಬಂದಿತ್ತು. ನಡುವಿನ ಆ ‘ಸಿ’ ಆವತ್ತು ನನಗೆ ಕೇಳಿಸಿರಲಿಲ್ಲ, ಅಷ್ಟೆ.

ಕಲಿಕಾ ತೊಂದರೆ ಇರುವ ಮಕ್ಕಳಿಗೆ ಚಿತ್ರಕಲೆಯ ಕಾರ್ಯಾಗಾರ ನಡೆಸುವುದು ನನ್ನ ಕೆಲಸ. ಗುಂಪಿಗೆ ಆರೋ ಎಂಟೋ ಮಕ್ಕಳು, ಇಬ್ಬರು ಸಹಾಯಕಿಯರು, ಐವತ್ತು ನಿಮಿಷ. ಮೊದಲು ಸಾಮಾನ್ಯ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದೆ. ಬೋರ್ಡಿನ ಮೇಲೆ ಮಾದರಿ ಅಂಟಿಸಿ ‘ಇದೇ ತರ ಮಾಡಿ’ ಅನ್ನುವ ಅಭ್ಯಾಸ ಅಲ್ಲಿಂದಲೇ ಬಂದದ್ದು. ಅದನ್ನು ಬಿಡಲು ಆ ಬಾಲ ಬೇಕಾಯಿತು.

ಬಿಟ್ಟ ಮೊದಲ ವಾರ ಏನೂ ಸುಧಾರಿಸಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮಾದರಿ ತೆಗೆದು, ಬಿಳಿ ಹಾಳೆ ಕೊಟ್ಟು, “ನಿಮಗಿಷ್ಟ ಬಂದದ್ದು ಮಾಡಿ” ಅಂದೆ. ಒಬ್ಬಳು ಅಳುವುದಕ್ಕೆ ಶುರು ಮಾಡಿದಳು. ಇಬ್ಬರು ಮೇಜಿನ ಕೆಳಗೆ ಹೋದರು. ಬಾಲದ ಹುಡುಗ “ಏನು? ಏನು? ಏನು?” ಅಂತ ಇಡೀ ಅವಧಿ ಕೇಳುತ್ತಲೇ ಇದ್ದ. ‘ನಿಮಗಿಷ್ಟ ಬಂದದ್ದು’ ಅನ್ನುವುದು ದೊಡ್ಡವರಿಗೇ ಕಷ್ಟದ ಸೂಚನೆ. ಮುಂದೇನು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ನೆಮ್ಮದಿಯಾಗಿರುವ ಮಗುವಿಗೆ ಅದು ಶಿಕ್ಷೆಯೇ. ಈಗ ನಾನು ಮುಗಿದ ಚಿತ್ರ ತೋರಿಸುವುದಿಲ್ಲ, ಮಾಡುವ ಕ್ರಿಯೆ ತೋರಿಸುತ್ತೇನೆ: ಕಾಗದ ಹರಿಯುವುದು, ಅಂಟು ಬಳಿಯುವುದು, ಒತ್ತುವುದು. ಹರಿದು ಒತ್ತಿದ್ದರಿಂದ ಏನು ಹುಟ್ಟುತ್ತದೆ ಅನ್ನುವುದು ಅವರಿಗೆ ಬಿಟ್ಟದ್ದು. ಆರಂಭ ಗಟ್ಟಿಯಾಗಿರಬೇಕು, ಕೊನೆ ಸಡಿಲವಾಗಿರಬೇಕು. ನಾನು ಮೀನಿನಲ್ಲಿ ಇದನ್ನು ಪೂರ್ತಿ ಉಲ್ಟಾ ಮಾಡಿದ್ದೆ.

ಯಾಕೆ ಹಾಗೆ ಮಾಡಿದೆ ಅಂತ ಯೋಚಿಸಿದರೆ ಒಂದು ವಿಚಿತ್ರ ಕಾರಣ ಸಿಕ್ಕಿತು. ವಿಶೇಷ ಶಿಕ್ಷಣದಲ್ಲಿ ಒಂದು ವಿಧಾನವಿದೆ, ಬ್ಯಾಕ್‌ವರ್ಡ್ ಚೈನಿಂಗ್ ಅನ್ನುತ್ತಾರೆ. ಹಲವು ಹಂತದ ಕೆಲಸವನ್ನು ಕೊನೆಯಿಂದ ಕಲಿಸುವುದು. ಏಪ್ರನ್ ಹಾಕಿಕೊಳ್ಳಬೇಕಾದರೆ ತಲೆ ತೂರಿಸುವುದು, ದಾರ ಹಿಂದಕ್ಕೆ ತರುವುದು ಎಲ್ಲ ನಾವು ಮಾಡಿ, ಕಡೆಯ ಒಂದು ಎಳೆತ ಮಗುವಿಗೆ ಬಿಡುತ್ತೇವೆ. ಕೆಲಸ ಮುಗಿದ ಖುಷಿ ಪ್ರತಿ ಸಲವೂ ಅದಕ್ಕೇ ಸಿಗುತ್ತದೆ. ಅದು ಬಂದ ಮೇಲೆ ಕಡೆಯಿಂದ ಎರಡನೆಯದು, ಆಮೇಲೆ ಮೂರನೆಯದು. ಏಪ್ರನ್‌ಗೆ, ಬಣ್ಣದ ಡಬ್ಬಿ ಮುಚ್ಚುವುದಕ್ಕೆ, ಬ್ರಷ್ ತೊಳೆಯುವುದಕ್ಕೆ ಇದು ಚಿನ್ನದಂಥ ವಿಧಾನ, ಈಗಲೂ ಬಳಸುತ್ತೇನೆ. ನಾನು ಅದನ್ನೇ ಚಿತ್ರಕ್ಕೂ ಹಚ್ಚಿದ್ದೆ. ಮೀನೆಲ್ಲ ನಾವು ಮಾಡಿ, ಬಾಲ ಅವನಿಗೆ. ಏಪ್ರನ್ ಕಟ್ಟುವುದಕ್ಕೆ ಸರಿಯಾದ ಕೊನೆ ಒಂದೇ, ಅದು ನನಗೆ ಮೊದಲೇ ಗೊತ್ತು. ಅವನ ಮೀನಿನ ಕೊನೆ ನನಗೆ ಹೇಗೆ ಗೊತ್ತಿರಬೇಕು?

ಹೊಸದಾಗಿ ಈ ಕೆಲಸಕ್ಕೆ ಬರುವವರು ಮೊದಲು ಕೇಳುವುದು “ಈ ಮಗುವಿಗೆ ಏನಿದೆ?” ಅಂತ. ಫೈಲಿನಲ್ಲಿ ‘ಕಲಿಕಾ ತೊಂದರೆ’ ಅಂತಿದ್ದರೆ ಅದರಿಂದ ನನಗೆ ತಿಳಿಯುವುದು ಬಹಳ ಕಡಿಮೆ. ‘ಲರ್ನಿಂಗ್ ಡಿಸೆಬಿಲಿಟಿ’ ಅನ್ನುವ ಮಾತನ್ನು 1963ರಲ್ಲಿ ಪೋಷಕರ ಒಂದು ಸಭೆಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಕರ್ಕ್ ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಬುದ್ಧಿ ಚುರುಕಾಗಿದ್ದೂ ಓದು, ಬರಹ, ಮಾತಿನಲ್ಲಿ ಎಡವುವ ಮಕ್ಕಳು. ಅದೇ ಮಾತನ್ನು ಬ್ರಿಟನ್ನಿನಲ್ಲಿ ಬೌದ್ಧಿಕ ನ್ಯೂನತೆಗೆ ಬಳಸುತ್ತಾರೆ. ನನ್ನ ಕೋಣೆಗೆ ಎರಡೂ ಬಗೆಯ ಮಕ್ಕಳು ಬರುತ್ತಾರೆ. ಹಾಗಾಗಿ ನಾನು ಮನೆಯವರ ಹತ್ತಿರ ಬೇರೆಯೇ ಕೇಳುತ್ತೇನೆ. ಯಾವ ಕೈ ಮುಂದೆ ಬರುತ್ತದೆ? ಮುಟ್ಟಲು ಒಪ್ಪದ್ದು ಏನೇನು? ಒಂದು ಸಲಕ್ಕೆ ಎಷ್ಟು ಮಾತು ಹಿಡಿಸುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ‘ಸಾಕು’ ಅನ್ನುವುದನ್ನು ಹೇಗೆ ಹೇಳುತ್ತಾಳೆ? ಒಬ್ಬಳು ಕಿವಿ ಮುಚ್ಚಿಕೊಳ್ಳುತ್ತಾಳೆ, ಒಬ್ಬ ನಗುತ್ತಾನೆ. ಆ ನಗುವನ್ನು ಖುಷಿ ಅಂದುಕೊಂಡು ನಾನು ಎರಡು ತಿಂಗಳು ಅವನಿಗೆ ಬೆರಳಲ್ಲಿ ಬಣ್ಣ ಬಳಿಸಿದ್ದೆ, ಪಾಪ.

ಮಾತಿನ ವಿಷಯಕ್ಕೆ ಬಂದೆ. ನಾನು ಹೇಳುತ್ತಿದ್ದದ್ದು ಹೀಗೆ: “ಬ್ರಷ್ ನೀರಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಬಣ್ಣ ತಗೊಂಡು ಮೇಲಿಂದ ಕೆಳಕ್ಕೆ ಎಳೀರಿ.” ಒಂದೇ ಉಸಿರಿನಲ್ಲಿ ನಾಲ್ಕು ಕೆಲಸ. ಕೊನೆಯದು ಮಾತ್ರ ಕಿವಿಯಲ್ಲಿ ಉಳಿದ ಮಗು ಒಣ ಬ್ರಷ್ ಎಳೆದರೆ ‘ಗಮನ ಕೊಡಲ್ಲ’ ಅಂತ ನಾನು ಡೈರಿಯಲ್ಲಿ ಬರೆಯುತ್ತಿದ್ದೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಅನ್ನುವ ಇಂಗ್ಲಿಷ್ ವೈದ್ಯರು ಓದು ಬಾರದ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಪಾಠವೆಲ್ಲ ಬಾಯಲ್ಲೇ ನಡೆದಿದ್ದರೆ ಇವನೇ ಶಾಲೆಗೆಲ್ಲ ಜಾಣ ಅಂತ ಅವನ ಮೇಷ್ಟ್ರು ಹೇಳಿದ್ದರಂತೆ. ನನ್ನ ಕೋಣೆಯಲ್ಲಿ ಅದರ ತಿರುಗುಮುರುಗು: ಪಾಠವೆಲ್ಲ ನನ್ನ ಬಾಯಲ್ಲಿ, ಹಲವು ಮಕ್ಕಳಿಗೆ ಬೇಕಿದ್ದದ್ದು ಕಣ್ಣಿಗೆ. ಈಗ ಒಂದು ಮಾತಿಗೆ ಒಂದೇ ಕ್ರಿಯೆ. ಹೇಳಿ, ಮಾಡಿ ತೋರಿಸಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತೇನೆ. ಹತ್ತು ಎಣಿಸುವುದು ಹೇಳಿದಷ್ಟು ಸುಲಭವಲ್ಲ, ಆರಕ್ಕೇ ಬಾಯಿ ತುರಿಸುತ್ತದೆ. ಎದುರಿಗೆ ನಾಲ್ಕು ಚಿತ್ರದ ಕಾರ್ಡು ಸಾಲಾಗಿರುತ್ತವೆ, ಮುಗಿದದ್ದನ್ನು ಮಕ್ಕಳೇ ಮಗುಚುತ್ತಾರೆ.

ಸಾಮಾನಿನ ಬಗ್ಗೆ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅರ್ಧ ಸಮಸ್ಯೆ ಇರುವುದೇ ಅಲ್ಲಿ. ಬರೆಯುವಾಗ ಒಂದು ಕೈ ಗೆರೆ ಎಳೆಯುತ್ತದೆ, ಇನ್ನೊಂದು ಹಾಳೆ ಹಿಡಿದಿರುತ್ತದೆ. ನಮಗೆ ಅದು ಗೊತ್ತಾಗುವುದೇ ಇಲ್ಲ. ಎರಡು ಕೈಯನ್ನೂ ಒಟ್ಟಿಗೆ ನಡೆಸಲು ಕಷ್ಟಪಡುವ ಮಗುವಿಗೆ ಹಾಳೆ ಜಾರುತ್ತದೆ, ಗೆರೆ ಓಡುತ್ತದೆ, ಸಿಟ್ಟು ಬರುತ್ತದೆ, ಹಾಳೆ ಹರಿಯುತ್ತದೆ. ಒಬ್ಬಳು ಎಂಟು ವಾರ ಹೀಗೆ ಹಾಳೆ ಹರಿದಳು. ಅವಳಿಗೆ ಸಿಟ್ಟಿನ ಸಮಸ್ಯೆ ಇದೆ ಅಂತ ನಾವೆಲ್ಲ ತೀರ್ಮಾನಿಸಿದ್ದೆವು. ಒಂದು ದಿನ ನೋಡಲು ಬಂದ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕರು) ಮಾತಾಡದೆ ಮಾಸ್ಕಿಂಗ್ ಟೇಪ್ ತೆಗೆದು ಹಾಳೆಯ ನಾಲ್ಕೂ ಮೂಲೆಯನ್ನು ಮೇಜಿಗೆ ಅಂಟಿಸಿದರು. ಆ ದಿನ ಅವಳು ಹಾಳೆ ಹರಿಯಲಿಲ್ಲ, ಮೂವತ್ತು ನಿಮಿಷ ಸುತ್ತು ಸುತ್ತು ಗೆರೆ ಎಳೆದಳು. ಎಂಟು ವಾರದ ನಮ್ಮ ತೀರ್ಮಾನಕ್ಕೆ ಉತ್ತರ ನಾಲ್ಕು ತುಂಡು ಟೇಪ್.

ಎಡಗೈ ಮಕ್ಕಳಿಗೆ ಮಾಮೂಲಿ ಕತ್ತರಿ ಕೊಟ್ಟರೂ ಹೀಗೇ ಆಗುತ್ತದೆ. ಅಲಗುಗಳು ಬಲಗೈಗೆ ಹೊಂದುವಂತೆ ಕೂತಿರುತ್ತವೆ. ಎಡಗೈಯಲ್ಲಿ ಒತ್ತಿದರೆ ಅಲಗು ಒಂದನ್ನೊಂದು ಬಿಟ್ಟು ಅಗಲುತ್ತವೆ, ಕಾಗದ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ, ಕತ್ತರಿಸುವ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಎಡಗೈ ಕತ್ತರಿ ಬೇರೆಯೇ ಸಿಗುತ್ತದೆ. ಬೆರಳಿಗೆ ಬಲವಿಲ್ಲದವರಿಗೆ ತಾನಾಗಿ ಬಿಚ್ಚಿಕೊಳ್ಳುವ ಸ್ಪ್ರಿಂಗ್ ಕತ್ತರಿ. ಬಣ್ಣವನ್ನು ನಾನು ಮೊಸರಿನಷ್ಟು ಗಟ್ಟಿಯಾಗಿ ಕಲಸುತ್ತೇನೆ, ಸೋರುವ ಬಣ್ಣ ಕೈ ನಡುಗುವ ಮಗುವಿನ ವೈರಿ. ಗಿಡ್ಡ ಹಿಡಿಯ ದಪ್ಪ ಬ್ರಷ್, ಒಂದು ಸಲಕ್ಕೆ ಮೂರೇ ಬಣ್ಣ, ತಟ್ಟೆಯಲ್ಲಿ ಪ್ರತಿ ವಾರವೂ ಅದೇ ಜಾಗದಲ್ಲಿ.

ಇಷ್ಟೆಲ್ಲ ಆದ ಮೇಲೂ ಕೈ ಸಹಾಯ ಬೇಕಾಗುತ್ತದೆ. ಮಗುವಿನ ಕೈ ಮೇಲೆ ನಮ್ಮ ಕೈ ಇಟ್ಟರೆ ಬ್ರಷ್ ನಮ್ಮದು, ಕೈ ಮಾತ್ರ ಅದರದ್ದು. ಅದಕ್ಕೆ ಈಗ ನನ್ನ ಕೈಯನ್ನು ಕೆಳಗೆ ಇಡುತ್ತೇನೆ, ಮಗು ಬೇಕೆಂದರೆ ಮೇಲೆ ಇಟ್ಟುಕೊಳ್ಳುತ್ತದೆ, ಸಾಕಾದರೆ ತೆಗೆಯುತ್ತದೆ. ಸಹಾಯಕಿಯರಿಗೆ ಇದನ್ನು ಒಪ್ಪಿಸುವುದು ನನಗೆ ಮಕ್ಕಳಿಗೆ ಕಲಿಸುವುದಕ್ಕಿಂತ ಕಷ್ಟವಾಯಿತು. ಒಳ್ಳೆಯ ಮನಸ್ಸಿನವರ ಕೈ ಸುಮ್ಮನಿರುವುದಿಲ್ಲ. ಕೊನೆಗೆ ಏಪ್ರನ್ನಿಗೆ ದೊಡ್ಡ ಜೇಬು ಹೊಲಿಸಿದೆವು, ಕೈ ತುರಿಸಿದಾಗ ಅದರೊಳಗೆ ಹಾಕಿಕೊಳ್ಳಲು. ನನ್ನ ಜೇಬೇ ಮೊದಲು ಹರಿದದ್ದು.

ಏನೂ ಮಾಡದ ಮಗುವಿನ ಎದುರಿಗೆ ಕೂತಾಗ ಜೇಬೂ ಕೆಲಸಕ್ಕೆ ಬರುವುದಿಲ್ಲ. ಒಬ್ಬಳು ಐದು ವಾರ ಕುರ್ಚಿಯಲ್ಲಿ ಕೂತು ಕಿಟಕಿ ನೋಡಿದಳು. ಅಂಥ ದಿನಗಳಲ್ಲಿ ನಾನು ಜೂಡಿತ್ ಸ್ಕಾಟ್ ಎಂಬ ಅಮೆರಿಕದ ಕಲಾವಿದೆಯನ್ನು ನೆನೆಯುತ್ತೇನೆ. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್ (ಬೌದ್ಧಿಕ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇತ್ತು, ಕಿವಿ ಕೇಳುತ್ತಿರಲಿಲ್ಲ, ಏಳನೆಯ ವಯಸ್ಸಿನಿಂದ ಮೂವತ್ತೈದು ವರ್ಷ ವಿಕಲಚೇತನರ ಸಂಸ್ಥೆಗಳಲ್ಲಿ ಕಳೆದವರು. ಅವಳಿ ಸೋದರಿ ಅವರನ್ನು ಬಿಡಿಸಿ ಮನೆಗೆ ಕರೆತಂದು 1987ರಲ್ಲಿ ಅಮೆರಿಕದ ಓಕ್‌ಲ್ಯಾಂಡಿನ ಕ್ರಿಯೇಟಿವ್ ಗ್ರೋತ್ ಎಂಬ ಕಲಾ ಕೇಂದ್ರಕ್ಕೆ ಸೇರಿಸಿದರು. ಹೆಚ್ಚುಕಡಿಮೆ ಎರಡು ವರ್ಷ ಚಿತ್ರ ಬರೆಯುವುದರಲ್ಲಿ ಅವರಿಗೆ ಆಸಕ್ತಿಯೇ ಹುಟ್ಟಲಿಲ್ಲ. ಆಮೇಲೆ ನೂಲಿನ ಕಾರ್ಯಾಗಾರವೊಂದರಲ್ಲಿ ಕೂತು, ಸಿಕ್ಕ ವಸ್ತುಗಳಿಗೆ ನೂಲು ಸುತ್ತತೊಡಗಿದರು. 2005ರಲ್ಲಿ ತೀರಿಕೊಳ್ಳುವವರೆಗೂ ಸುತ್ತಿದರು, ಆ ಶಿಲ್ಪಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ನನ್ನ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಾರೆ ಅಂತ ನಾನು ಇದನ್ನು ಹೇಳುತ್ತಿಲ್ಲ. ಡಿಸ್‌ಲೆಕ್ಸಿಯಾ, ಅಂದರೆ ಓದು ಬರಹದ ತೊಡಕು, ಇದ್ದವರೆಲ್ಲ ಹುಟ್ಟಾ ಕಲಾವಿದರು ಅನ್ನುವ ಮಾತು ಕೇಳಿದರೆ ನನಗೆ ರೇಗುತ್ತದೆ. ಚಿತ್ರ ಬಾರದ, ಚಿತ್ರ ಬೇಡದ ಮಕ್ಕಳೂ ಇದ್ದಾರೆ, ಅದು ಅವರ ತಪ್ಪಲ್ಲ. ನಾನು ಹೇಳುವುದು ಇಷ್ಟೆ, ಎರಡು ವರ್ಷ ಕುರ್ಚಿ ಖಾಲಿ ಮಾಡಿಸದೆ ಜೂಡಿತ್ ಅವರನ್ನು ಕೂರಲು ಬಿಟ್ಟವರು ಯಾರೋ ಇದ್ದರು. ಕಿಟಕಿಯ ಹುಡುಗಿ ಆರನೆಯ ವಾರ ಎದ್ದು ಹೋಗಿ ಕಿಟಕಿಯ ಗಾಜಿಗೇ ಟೇಪ್ ಅಂಟಿಸತೊಡಗಿದಳು. ಈಗ ಅವಳ ಹಾಳೆ ಇರುವುದು ಅಲ್ಲೇ, ಗಾಜಿನ ಮೇಲೆ.

ಇನ್ನೊಂದು ಸಣ್ಣ ಮಾತು. ನಾನು ಆರ್ಟ್ ಥೆರಪಿಸ್ಟ್, ಅಂದರೆ ಚಿತ್ರದ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವಳು, ಅಲ್ಲ, ಅದಕ್ಕೆ ಬೇರೆ ತರಬೇತಿಯೇ ಇದೆ. ಮಗು ಸೂರ್ಯನಿಗೆ ಕಪ್ಪು ಬಳಿದರೆ ನಾನು ಅದರ ಮನಸ್ಸು ಓದಲು ಹೋಗುವುದಿಲ್ಲ. ಒಮ್ಮೆ ಹೋಗಿದ್ದೆ, ಮನೆಯವರನ್ನು ಕರೆಸಿ ಮಾತಾಡುವವರೆಗೂ. ಆಮೇಲೆ ನೋಡಿದರೆ ಅವನ ಕೈಗೆ ಎಟಕುವಂತೆ ಇದ್ದದ್ದು ಕಪ್ಪು ಡಬ್ಬಿಯೊಂದೇ. “ಇದೇನು?” ಅಂತಲೂ ಈಗ ಕೇಳುವುದಿಲ್ಲ, ಕೇಳಿದರೆ ಮಕ್ಕಳು ನಮ್ಮನ್ನು ಮೆಚ್ಚಿಸುವ ಉತ್ತರ ಹುಡುಕುತ್ತಾರೆ. ಕಂಡದ್ದನ್ನು ಹೇಳುತ್ತೇನೆ: “ಇಲ್ಲಿ ಜೋರಾಗಿ ಒತ್ತಿದೀಯ. ಇಲ್ಲಿ ಮೆಲ್ಲಗೆ.”

ಮರುವರ್ಷದ ಪ್ರದರ್ಶನಕ್ಕೆ ಪ್ರತಿ ಕೆಲಸದ ಪಕ್ಕ ಒಂದು ಚೀಟಿ ಅಂಟಿಸಿದೆವು, ಯಾರು ಏನು ಮಾಡಿದರು ಅಂತ. ಗೋಡೆ ಹಿಂದಿನ ವರ್ಷದಷ್ಟು ಅಂದವಾಗಿ ಇರಲಿಲ್ಲ. ಬಾಲದ ಹುಡುಗ ಆ ಸಲ ನೀಲಿ, ಬೂದು ಕಾಗದ ಹರಿದು ಹರಿದು ಒಂದರ ಮೇಲೊಂದು ಒತ್ತಿದ್ದ, ಅಂಗೈ ದಪ್ಪಕ್ಕೆ. ಚೀಟಿ ಬರೆಯುವಾಗ ನಾನು ಅವನ ಹೆಸರೊಂದನ್ನೇ ಬರೆದೆ. ಅವನು ಪಕ್ಕದಲ್ಲೇ ನಿಂತಿದ್ದ. ಓದಲು ಅವನಿಗೆ ಈಗಲೂ ಕಷ್ಟ, ಆದರೆ ತನ್ನ ಹೆಸರೂ ಅದು ಮುಗಿಯುವ ಜಾಗವೂ ಗೊತ್ತು. ಚೀಟಿಯ ಖಾಲಿ ಜಾಗದ ಮೇಲೆ ಬೆರಳಿಟ್ಟು ಹೇಳಿದ: “ಟೇಪ್ ಮಿಸ್ ಹಚ್ಚಿದ್ದು. ಅದೂ ಬರೀರಿ.”

ಬರೆದೆ.